ರನ್‌ಫ್ಲಾಟ್ ಬಿಟ್ಟು ಸಾಮಾನ್ಯ ಟೈರ್‌ಗೆ: ಬಿಎಂಡಬ್ಲ್ಯೂ 520ಡಿ ಕಾರಿನ ಟೈರ್ ಬದಲಾವಣೆಯ ದಾಖಲೆ

ನಮ್ಮ ಮನೆಯಲ್ಲಿರುವುದು 2018ರ ಬಿಎಂಡಬ್ಲ್ಯೂ 520ಡಿ, ತಯಾರಕರ ಸಂಕೇತದಲ್ಲಿ ಜಿ30 ಎನಿಸಿಕೊಳ್ಳುವ ಪೀಳಿಗೆಯ ಕಾರು. ಅದರ ನಾಲ್ಕೂ ಟೈರ್‌ಗಳು ಸವೆದು ಬದಲಾಯಿಸುವ ಹಂತಕ್ಕೆ ಬಂದಾಗ, ಹಿಂದಿನ ಸೀಟಿನಲ್ಲಿ ಕೂರುವ ಅಪ್ಪ ಅಮ್ಮನಿಗೆ ಬೆಂಗಳೂರಿನಿಂದ ಪುತ್ತೂರಿನವರೆಗಿನ ದಾರಿ ಹಗುರವಾಗಬೇಕು ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಹೊಸ ಟೈರ್ ಹುಡುಕಲು ಹೊರಟೆ. ತಿರುವಿನಲ್ಲಿ ಚುರುಕು, ನೋಟದ ಠೀವಿ ಇವೆಲ್ಲ ಆಮೇಲಿನ ಮಾತು. ಮಳೆಯಲ್ಲಿನ ಬ್ರೇಕ್ ಹಿಡಿತವೊಂದರಲ್ಲಿ ಮಾತ್ರ ರಾಜಿಯಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ, ಏಕೆಂದರೆ ಈ ಕಾರು ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ಇಳಿಯಬೇಕಾಗುತ್ತದೆ.

ಟೈರ್ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಯಾವ ಕಂಪನಿಯದ್ದು ಚೆನ್ನ ಎಂಬುದು. ಈ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಮಾಡಿಸಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಆರಾಮದ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಟೈರ್‌ನ ಪಕ್ಕೆಯ ರಚನೆ ಎಂಥದ್ದು, ಅದರ ಎತ್ತರ ಎಷ್ಟು, ಟೈರ್ ಹೊರಬಲ್ಲ ಭಾರವನ್ನು ತಿಳಿಸುವ ಸೂಚ್ಯಂಕ ಎಷ್ಟು, ಒಳಗೆ ಎಷ್ಟು ಗಾಳಿ ತುಂಬುತ್ತೇವೆ ಎಂಬ ವಿಷಯಗಳೇ ಹೆಚ್ಚಿನದನ್ನು ತೀರ್ಮಾನಿಸುತ್ತವೆ. ಕಂಪನಿಯ ಹೆಸರು ಅವುಗಳ ನಂತರ ಬರುತ್ತದೆ.

ಮೊದಲು ಹಳೆಯ ಟೈರ್‌ಗಳ ಪರೀಕ್ಷೆ

ಕಾರು ಒರಟಾಗಿ ಓಡುತ್ತಿದ್ದರೆ ತಪ್ಪು ಟೈರ್‌ನದ್ದೇ ಎಂದು ಹೇಳಿಬಿಡುವುದು ಸುಲಭ. ಅದಕ್ಕೂ ಮುನ್ನ ಕಾರನ್ನು ಲಿಫ್ಟ್ ಮೇಲೆ ಏರಿಸಿ, ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಜಿನುಗಿದೆಯೇ, ಮುಂದಿನ ಚಕ್ರಗಳನ್ನು ಹಿಡಿದಿರುವ ಆರ್ಮ್‌ಗಳ ಬುಷ್‌ಗಳು (ಕೀಲುಗಳಲ್ಲಿರುವ ರಬ್ಬರು) ಸೀಳಿವೆಯೇ, ಬಾಲ್ ಜಾಯಿಂಟ್‌ಗಳಲ್ಲಿ ಆಟವಿದೆಯೇ ಎಂದು ನೋಡಿಸಿದೆ. ಈ ಕಾರಿನ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್, ಹಿಂಭಾಗದಲ್ಲಿ ಐದು ಲಿಂಕ್‌ಗಳ ಸಸ್ಪೆನ್ಷನ್ ಇರುವುದರಿಂದ ಬುಷ್‌ಗಳ ಸಂಖ್ಯೆ ಹೆಚ್ಚು. ಅವುಗಳಲ್ಲಿ ಒಂದು ಸಡಿಲವಾಗಿದ್ದರೂ ಎಷ್ಟೇ ದುಬಾರಿ ಟೈರ್ ಹಾಕಿದರೂ ಹಂಪ್ಸ್ ಮೇಲೆ ಟಕ್ ಟಕ್ ಎನ್ನುವುದು ನಿಲ್ಲುವುದಿಲ್ಲ. ನಮ್ಮ ಕಾರಿನಲ್ಲಿ ಅಂಥ ದೋಷ ಕಾಣಲಿಲ್ಲ.

ಟ್ರೆಡ್‌ನ (ರಸ್ತೆಗೆ ತಾಗುವ, ಚಾಲುಗಳಿರುವ ಮೈಯ) ಆಳವನ್ನು ಗೇಜ್ ಇಟ್ಟು ಮೂರು ಕಡೆ, ಅಂದರೆ ಒಳ ಅಂಚು, ನಡು, ಹೊರ ಅಂಚುಗಳಲ್ಲಿ ಅಳೆಯಬೇಕು. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಕನಿಷ್ಠ ಮಿತಿ, ಮತ್ತು ಟ್ರೆಡ್‌ನ ಚಾಲುಗಳ ತಳದಲ್ಲಿರುವ ಸಣ್ಣ ಅಡ್ಡ ದಿಂಡುಗಳು ಆ ಮಟ್ಟವನ್ನೇ ತೋರಿಸುತ್ತವೆ. ನೀರು ನಿಂತ ರಸ್ತೆಯಲ್ಲಿ ಓಡಿಸುವವರು 3 ಮಿಲಿಮೀಟರ್‌ಗೆ ಬಂದಾಗಲೇ ಬದಲಾಯಿಸುವುದು ಕ್ಷೇಮವೆಂಬುದು ನನ್ನ ನಿಲುವು, ಏಕೆಂದರೆ ಚಾಲುಗಳ ಆಳ ಕಡಿಮೆಯಾದಂತೆ ನೀರನ್ನು ಹೊರಹಾಕುವ ಶಕ್ತಿ ಕುಗ್ಗಿ, ಟೈರ್ ನೀರಿನ ಮೇಲೆ ತೇಲುವ ಅಪಾಯ ಬೇಗ ಎದುರಾಗುತ್ತದೆ. ನಮ್ಮ ಕಾರಿನ ಹಿಂಬದಿಯ ಟೈರ್‌ಗಳ ಒಳ ಅಂಚು 3 ಮಿಲಿಮೀಟರ್‌ಗಿಂತ ಕೆಳಗೆ ಸವೆದಿತ್ತು.

ಅಳತೆಗಿಂತ ಹೆಚ್ಚು ಹೇಳಿದ್ದು ಅಂಗೈ. ಮುಂದಿನ ಟೈರ್‌ನ ಟ್ರೆಡ್ ಮೇಲೆ ಕೈಯನ್ನು ಅಡ್ಡಲಾಗಿ ಒಂದು ದಿಕ್ಕಿನಲ್ಲಿ ಸವರಿದಾಗ ನುಣುಪಾಗಿತ್ತು. ಅದೇ ಜಾಗದಲ್ಲಿ ಹಿಂತಿರುಗಿಸಿ ಸವರಿದಾಗ ಪ್ರತಿ ಟ್ರೆಡ್ ಬ್ಲಾಕ್‌ನ ಅಂಚೂ ಗರಗಸದ ಹಲ್ಲಿನಂತೆ ಬೆರಳಿಗೆ ತಾಗಿತು. ಚಕ್ರಗಳ ಟೋ ಕೋನ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಯಿಲ್ಲದೆ ಟೈರ್ ಸ್ವಲ್ಪ ಸ್ವಲ್ಪವೇ ಅಡ್ಡಕ್ಕೆ ಉಜ್ಜಿಕೊಂಡು ಓಡಿದಾಗ ಹೀಗಾಗುತ್ತದೆ, ಮತ್ತು ಹೆದ್ದಾರಿಯಲ್ಲಿ ಕೇಳಿಬರುವ ಗುಂಯ್ ಎಂಬ ಸದ್ದಿಗೆ ಬಹಳ ಸಲ ಇದೇ ಕಾರಣ. ವೀಲ್ ಬೇರಿಂಗ್ ಹೋಗಿದೆಯೆಂದು ಬೇರಿಂಗ್ ಬದಲಾಯಿಸಿಕೊಂಡು ಹಣ ಕಳೆದುಕೊಳ್ಳುವವರು ಮೊದಲು ಈ ಪರೀಕ್ಷೆಯನ್ನು ಮಾಡಿ ನೋಡಬೇಕು. ಹೊಸ ಟೈರ್ ಹಾಕಿಸಿದ ದಿನವೇ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಕೂಡ ಆಗಲೇಬೇಕೆಂಬುದು ಇಲ್ಲಿಗೇ ನಿರ್ಧಾರವಾಯಿತು.

ರನ್‌ಫ್ಲಾಟ್ ಮುಂದುವರಿಸಬೇಕೇ

ಕಾರಿನೊಂದಿಗೆ ಬಂದಿದ್ದ ಟೈರ್‌ಗಳು ರನ್‌ಫ್ಲಾಟ್. ಅಂದರೆ ಪಕ್ಕೆಯೊಳಗೆ ದಪ್ಪ ರಬ್ಬರಿನ ಪಟ್ಟಿಯನ್ನು ಸೇರಿಸಿರುತ್ತಾರೆ. ಗಾಳಿ ಪೂರ್ತಿ ಹೋದರೂ ಆ ಪಕ್ಕೆಯೇ ಕಾರಿನ ಭಾರವನ್ನು ಹೊತ್ತು, ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ ಸಾಗಿಸುತ್ತದೆ. ಬಿಎಂಡಬ್ಲ್ಯೂ ಇವಕ್ಕೆ ಆರ್‌ಎಸ್‌ಸಿ ಎಂಬ ಗುರುತು ಹಾಕಿಸುತ್ತದೆ. ಟೈರ್ ಕಂಪನಿಗಳ ಗುರುತುಗಳು ಬೇರೆ ಬೇರೆ: ಮಿಶೆಲಿನ್‌ನಲ್ಲಿ ಝಡ್‌ಪಿ, ಬ್ರಿಡ್ಜ್‌ಸ್ಟೋನ್‌ನಲ್ಲಿ ಆರ್‌ಎಫ್‌ಟಿ, ಕಾಂಟಿನೆಂಟಲ್‌ನಲ್ಲಿ ಎಸ್‌ಎಸ್‌ಆರ್, ಗುಡ್‌ಇಯರ್‌ನಲ್ಲಿ ಆರ್‌ಒಎಫ್. ಬಳಸಿದ ಕಾರು ಕೊಂಡವರು ತಮ್ಮ ಟೈರ್ ಯಾವ ಜಾತಿಯದ್ದೆಂದು ತಿಳಿಯಲು ಪಕ್ಕೆಯ ಮೇಲಿನ ಈ ಅಕ್ಷರಗಳನ್ನು ಓದಿದರೆ ಸಾಕು.

ಗಾಳಿಯಿಲ್ಲದೆ ಭಾರ ಹೊರುವಷ್ಟು ಗಟ್ಟಿಯಾದ ಪಕ್ಕೆ, ಗಾಳಿ ಇರುವಾಗಲೂ ಗಟ್ಟಿಯಾಗಿಯೇ ಇರುತ್ತದೆ. ಗುಂಡಿಯ ಅಂಚು ಅಥವಾ ಫ್ಲೈಓವರ್‌ನ ಜೋಡಣೆಯ ಕಬ್ಬಿಣದ ಪಟ್ಟಿ ತಾಗಿದಾಗ ಸಾಮಾನ್ಯ ಟೈರ್‌ನ ಪಕ್ಕೆ ಬಾಗಿ ಏಟಿನ ಒಂದು ಪಾಲನ್ನು ನುಂಗಿಕೊಳ್ಳುತ್ತದೆ. ರನ್‌ಫ್ಲಾಟ್‌ನಲ್ಲಿ ಆ ಪಾಲು ಡಿಸ್ಕಿಗೂ (ಟೈರ್ ಕೂರುವ ಲೋಹದ ಚಕ್ರಕ್ಕೂ), ಅಲ್ಲಿಂದ ಬುಷ್‌ಗಳಿಗೂ, ಕೊನೆಗೆ ಸೀಟಿಗೂ ಮುಟ್ಟುತ್ತದೆ. ಜೊತೆಗೆ ರನ್‌ಫ್ಲಾಟ್ ಟೈರ್ ತೂಕದಲ್ಲೂ ಹೆಚ್ಚು. ಸ್ಪ್ರಿಂಗ್‌ಗಿಂತ ಕೆಳಗಿರುವ ತೂಕ ಹೆಚ್ಚಾದಷ್ಟೂ ಚಕ್ರ ರಸ್ತೆಯ ಏರಿಳಿತವನ್ನು ಹಿಂಬಾಲಿಸುವುದು ನಿಧಾನವಾಗುತ್ತದೆ.

ಇದರರ್ಥ ರನ್‌ಫ್ಲಾಟ್ ಕೆಟ್ಟ ವಸ್ತುವೆಂದಲ್ಲ. ರಾತ್ರಿ ಹೊತ್ತು ಒಬ್ಬರೇ ದೂರ ಪ್ರಯಾಣ ಮಾಡುವವರಿಗೆ, ಹೆದ್ದಾರಿಯ ಬದಿಯಲ್ಲಿ ಜಾಕ್ ಹಾಕಿ ಚಕ್ರ ಬಿಚ್ಚಲಾಗದವರಿಗೆ ಅದು ಕೊಡುವ ಧೈರ್ಯ ದೊಡ್ಡದು. ಅಂಥವರು ಅದನ್ನು ಬಿಡಬಾರದು. ನಮ್ಮ ಮಟ್ಟಿಗೆ ತೂಗಿ ನೋಡಿದಾಗ, ಸಕಲೇಶಪುರದಿಂದ ಗುಂಡ್ಯದವರೆಗಿನ ದಾರಿಯಲ್ಲಿ ಪಂಕ್ಚರ್ ಆದರೆ 80 ಕಿಲೋಮೀಟರ್‌ನೊಳಗೆ ಈ ಅಳತೆಯ ರನ್‌ಫ್ಲಾಟ್ ಟೈರ್ ಸಿಗುವ ಅಂಗಡಿ ಇರುವುದು ಅನುಮಾನ. ಗಾಳಿಯಿಲ್ಲದೆ ಓಡಿಸಿದ ರನ್‌ಫ್ಲಾಟ್‌ನ ಪಕ್ಕೆಯೊಳಗೆ ಎಷ್ಟು ಹಾನಿಯಾಗಿದೆಯೆಂದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಅದನ್ನು ಪ್ಯಾಚ್ ಹಾಕಿ ಮತ್ತೆ ಬಳಸುವುದನ್ನೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇಟ್ಟುಕೊಂಡು ಸಾಮಾನ್ಯ ಟೈರ್‌ಗೆ ಹೋಗುವುದೇ ಸರಿ ಎನಿಸಿತು. ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು: ಬದಲಾಯಿಸಿದರೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಬೇಕು. ಎರಡು ರನ್‌ಫ್ಲಾಟ್, ಎರಡು ಸಾಮಾನ್ಯ ಎಂದು ಬೆರೆಸಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಬಾಗುವಿಕೆ ಬೇರೆಯಾಗಿ, ಹಠಾತ್ತಾಗಿ ಸ್ಟಿಯರಿಂಗ್ ತಿರುಗಿಸಬೇಕಾದ ಸಂದರ್ಭದಲ್ಲಿ ಕಾರು ನಿರೀಕ್ಷಿಸಿದಂತೆ ನಡೆದುಕೊಳ್ಳುವುದಿಲ್ಲ.

ಅಳತೆಯ ಲೆಕ್ಕ

ನಮ್ಮ ಕಾರಿನಲ್ಲಿದ್ದ ಅಳತೆ 245/45 ಆರ್ 18. ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 45, ಅಂದರೆ ಸುಮಾರು 110 ಮಿಲಿಮೀಟರ್, ಡಿಸ್ಕ್ 18 ಇಂಚು. ಒಟ್ಟು ವ್ಯಾಸ 677.7 ಮಿಲಿಮೀಟರ್ ಆಗುತ್ತದೆ. ಆರಾಮವನ್ನು ಹುಡುಕುವವರು ಮೊದಲು ಯೋಚಿಸಬೇಕಾದದ್ದು ಇದೇ ಕಾರಿಗೆ ಯುರೋಪಿನಲ್ಲಿ ಕೊಡುತ್ತಿದ್ದ 17 ಇಂಚಿನ ಅಳತೆ, ಅಂದರೆ 225/55 ಆರ್ 17. ಅದರ ಪಕ್ಕೆ ಸುಮಾರು 124 ಮಿಲಿಮೀಟರ್, ಒಟ್ಟು ವ್ಯಾಸ 679.3 ಮಿಲಿಮೀಟರ್. ವ್ಯಾಸದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ, ಆದ್ದರಿಂದ ಸ್ಪೀಡೋಮೀಟರ್ ತಪ್ಪುವುದಿಲ್ಲ, ಆದರೆ ಏಟು ತಡೆಯುವ ರಬ್ಬರು 13 ಮಿಲಿಮೀಟರ್‌ಗೂ ಹೆಚ್ಚು ಸಿಗುತ್ತದೆ. ಮೂಲ 17 ಇಂಚಿನ ಡಿಸ್ಕುಗಳು ಸಿಕ್ಕಿದ್ದರೆ ನಾನು ಬೇರೇನನ್ನೂ ಯೋಚಿಸದೆ ಇದನ್ನೇ ಆರಿಸುತ್ತಿದ್ದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಕಂಡದ್ದು ಹೆಚ್ಚಾಗಿ ನಕಲು ವಿನ್ಯಾಸದ ಅಲಾಯ್‌ಗಳು ಮತ್ತು ಹಿಂದಿನ ಪೀಳಿಗೆಯ ಎಫ್10 ಕಾರುಗಳಿಂದ ಕಳಚಿದ ಡಿಸ್ಕುಗಳು. ಇಲ್ಲಿ ಎಚ್ಚರ ಬೇಕು: ಎಫ್10 ಕಾರಿನ ಬೋಲ್ಟ್‌ಗಳ ವೃತ್ತ 120 ಮಿಲಿಮೀಟರ್, ನಡುವಿನ ರಂಧ್ರ 72.6 ಮಿಲಿಮೀಟರ್, ಜಿ30ರಲ್ಲಿ ಬೋಲ್ಟ್‌ಗಳ ವೃತ್ತ 112, ರಂಧ್ರ 66.6. ಎರಡೂ ಫೈವ್ ಸೀರೀಸ್ ಆಗಿದ್ದರೂ ಒಂದರ ಡಿಸ್ಕ್ ಇನ್ನೊಂದಕ್ಕೆ ಕೂರುವುದಿಲ್ಲ. ಅಡಾಪ್ಟರ್ ಹಾಕಿ ಕೂರಿಸಿಕೊಡುತ್ತೇವೆ ಎಂಬ ಮಾತಿಗೆ ನಾನು ಒಪ್ಪಲಿಲ್ಲ. ಯಾವ ಎರಕದ್ದೆಂದು ಗೊತ್ತಿಲ್ಲದ ಡಿಸ್ಕನ್ನು ಇಷ್ಟು ಭಾರದ ಕಾರಿಗೆ ಹಾಕಿ ಗುಂಡಿ ಬಿದ್ದ ರಸ್ತೆಯಲ್ಲಿ ಓಡಿಸುವುದು ನನಗೆ ಸರಿಕಾಣದು. ಹಾಗಾಗಿ ಮೂಲ 18 ಇಂಚಿನ ಡಿಸ್ಕುಗಳನ್ನೇ ಉಳಿಸಿಕೊಂಡೆ.

ನೆಲದಿಂದ ಎತ್ತರ ಸಿಗಲೆಂದು 245/50 ಆರ್ 18 ಹಾಕಿಸುವವರನ್ನೂ ಕಂಡಿದ್ದೇನೆ. ಅದರ ವ್ಯಾಸ 702.2 ಮಿಲಿಮೀಟರ್. ಕಾರು ಎತ್ತರವಾಗುವುದು ವ್ಯಾಸದಲ್ಲಿ ಹೆಚ್ಚಾದದ್ದರ ಅರ್ಧದಷ್ಟು ಮಾತ್ರ, ಅಂದರೆ 12 ಮಿಲಿಮೀಟರ್. ಆದರೆ ವ್ಯಾಸ ಶೇಕಡಾ 3.6ರಷ್ಟು ಹೆಚ್ಚಾಗುವುದರಿಂದ ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಕಾರು ಅಷ್ಟು ಹೆಚ್ಚು ವೇಗವಾಗಿ ಓಡುತ್ತದೆ, ಮತ್ತು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್ ಒಳಗಿನ ಲೈನಿಂಗ್‌ಗೆ ಉಜ್ಜುವ ಸಾಧ್ಯತೆಯಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ಕಿಲೋಮೀಟರ್ ವೇಗಮಿತಿಗೆ ಕ್ಯಾಮೆರಾಗಳಿರುವಾಗ ಸ್ಪೀಡೋಮೀಟರ್‌ನ ಲೆಕ್ಕವನ್ನು ನಾವೇ ಕೆಡಿಸಿಕೊಳ್ಳಬೇಕೇ?

ಭಾರದ ಸೂಚ್ಯಂಕದ ವಿಷಯವನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ನಮ್ಮ ಹಳೆಯ ಟೈರ್ ಮೇಲೆ 100 ವೈ ಎಂದಿತ್ತು. 100 ಎಂದರೆ ಒಂದು ಟೈರ್ 800 ಕಿಲೋಗ್ರಾಂ ಹೊರಬಲ್ಲದು, ವೈ ಎಂದರೆ ಗಂಟೆಗೆ 300 ಕಿಲೋಮೀಟರ್‌ವರೆಗಿನ ವೇಗಕ್ಕೆ ತಕ್ಕದ್ದು. ಇದೇ ಅಳತೆ 96ರ ಸೂಚ್ಯಂಕದಲ್ಲೂ ತಯಾರಾಗುತ್ತದೆ, ಅದರ ಸಾಮರ್ಥ್ಯ 710 ಕಿಲೋಗ್ರಾಂ. 100ರ ಸೂಚ್ಯಂಕ ಇರುವುದು ಎಕ್ಸ್‌ಎಲ್ ಎಂಬ ಬಲಪಡಿಸಿದ ರಚನೆಯಲ್ಲಿ. ಎಕ್ಸ್‌ಎಲ್ ಅಲ್ಲದ ಟೈರ್ ಸ್ವಲ್ಪ ಮೆದುವಾಗಿರುತ್ತದೆಂದು 96ರದ್ದನ್ನು ಹಾಕಿಸಿಕೊಳ್ಳುವ ಆಸೆ ಬರಬಹುದು. ಐದು ಜನ, ಡಿಕ್ಕಿ ತುಂಬ ಸಾಮಾನು, ಬೇಸಿಗೆಯ ಹೆದ್ದಾರಿ ಎಂದಾಗ ಟೈರ್ ಬಿಸಿಯಾಗುವುದನ್ನು ನೆನೆದರೆ ಆ ಆಸೆಯನ್ನು ಬಿಡುವುದೇ ಲೇಸು. ಆ ಅಳತೆಗೆ ತಯಾರಕರು ಹೇಳಿದ ಸೂಚ್ಯಂಕಕ್ಕಿಂತ ಕೆಳಗೆ ಇಳಿಯಬಾರದು. ವೇಗದ ಅಕ್ಷರದಲ್ಲಿ ಮಾತ್ರ ಡಬ್ಲ್ಯೂ, ಅಂದರೆ 270 ಕಿಲೋಮೀಟರ್, ಸಾಕೆಂದು ಒಪ್ಪಿಕೊಂಡೆ, ಏಕೆಂದರೆ ಈ ಕಾರಿನ ಗರಿಷ್ಠ ವೇಗವೇ 235 ಕಿಲೋಮೀಟರ್.

ಟೈರ್ ಆಯ್ಕೆ

ಇಷ್ಟಾದ ಮೇಲೆ ಕಂಪನಿಯ ಪ್ರಶ್ನೆ. ಒಂದೇ ಕಂಪನಿ ಆರಾಮಕ್ಕೆ ಒಂದು ಸರಣಿಯನ್ನೂ ಹಿಡಿತಕ್ಕೆ ಇನ್ನೊಂದು ಸರಣಿಯನ್ನೂ ತಯಾರಿಸುತ್ತದೆ. ಆದ್ದರಿಂದ ಕಂಪನಿಗಿಂತ ಸರಣಿಯ ಹೆಸರು ಮುಖ್ಯ. ಮಿಶೆಲಿನ್‌ನಲ್ಲಿ ಪ್ರೈಮಸಿ ಆರಾಮಕ್ಕೆ, ಪೈಲಟ್ ಸ್ಪೋರ್ಟ್ ಚುರುಕಿಗೆ. ಬ್ರಿಡ್ಜ್‌ಸ್ಟೋನ್‌ನಲ್ಲಿ ಟುರಾನ್ಜಾ ಮತ್ತು ಪೊಟೆನ್ಜಾ. ಯೊಕೊಹಾಮಾದಲ್ಲಿ ಅಡ್ವಾನ್ ಡಿಬಿ ಮತ್ತು ಅಡ್ವಾನ್ ಸ್ಪೋರ್ಟ್. ನನ್ನ ಪಟ್ಟಿಯಲ್ಲಿ ಉಳಿದದ್ದು ಪ್ರೈಮಸಿ 4 ಎಸ್‌ಟಿ, ಟುರಾನ್ಜಾ ಮತ್ತು ಅಡ್ವಾನ್ ಡಿಬಿ. ಮೂರರಲ್ಲಿ ಯಾವುದನ್ನು ಹಾಕಿಸಿದ್ದರೂ ರನ್‌ಫ್ಲಾಟ್‌ಗೆ ಹೋಲಿಸಿದರೆ ಆರಾಮ ಸಿಗುತ್ತಿತ್ತೆಂದೇ ನಂಬುತ್ತೇನೆ. ಅಳತೆ, 100 ಡಬ್ಲ್ಯೂ ಎಕ್ಸ್‌ಎಲ್ ಸೂಚ್ಯಂಕ, ಹೊಸ ತಯಾರಿಕೆಯ ದಿನಾಂಕ ಈ ಮೂರೂ ಒಟ್ಟಿಗೆ ದೊರೆತದ್ದು ಪ್ರೈಮಸಿ 4 ಎಸ್‌ಟಿಯಲ್ಲಿ, ಹಾಗಾಗಿ ಅದನ್ನು ಕೊಂಡೆ.

ದಿನಾಂಕದ ಬಗ್ಗೆ ಎರಡು ಮಾತು. ಪಕ್ಕೆಯ ಮೇಲೆ ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ಈ ನಾಲ್ಕು ಅಂಕಿಗಳು ಟೈರ್‌ನ ಒಂದೇ ಪಕ್ಕದಲ್ಲಿ ಇರಬಹುದಾದ್ದರಿಂದ ಎರಡೂ ಕಡೆ ತಿರುಗಿಸಿ ನೋಡಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಆಮದಿಗೆ ಪರವಾನಗಿ ಬೇಕು. ದೊಡ್ಡ ಸೆಡಾನ್‌ಗಳ ಅಳತೆಗಳು ಕೇಳಿದಾಗಲೆಲ್ಲ ಸಿಗದೆ ಹೋದರೆ ಹಳೆಯ ದಾಸ್ತಾನನ್ನು ಒಪ್ಪಿಕೊಳ್ಳುವ ಒತ್ತಡ ಬರುತ್ತದೆ. ಒಂದು ವಾರ ಕಾದರೂ ಸರಿ, ವರ್ಷ ದಾಟಿದ ಟೈರ್ ಬೇಡವೆಂದು ನಾನು ಹೇಳಿದೆ. ಐಎಸ್‌ಐ ಮುದ್ರೆ ಇರಲೇಬೇಕು, ಕಾರಿನ ಟೈರ್‌ಗಳಿಗೆ ಅದು ಐಎಸ್ 15636 ಮಾನದಂಡದಡಿ ಬರುತ್ತದೆ.

ಟೈರ್‌ಗೆ ಅಂಟಿಸುವ ಯುರೋಪಿನ ಲೇಬಲ್‌ನಲ್ಲಿರುವ ಡೆಸಿಬಲ್ ಅಂಕಿಯನ್ನು ನೋಡಿ ಸದ್ದಿಲ್ಲದ ಟೈರ್ ಆರಿಸಿದೆನೆಂದು ತಿಳಿಯುವವರಿದ್ದಾರೆ. ಆ ಅಂಕಿ ಕಾರು ಹಾದುಹೋಗುವಾಗ ರಸ್ತೆಯ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದಿನದ್ದು. ಒಳಗೆ ಕೂತವರಿಗೆ ಕೇಳುವುದು ಬೇರೆ. ಟೈರ್‌ನೊಳಗಿನ ಗಾಳಿಯ ಬಳೆಯೇ ಒಂದು ಸ್ವರವನ್ನು ಹೊರಡಿಸುತ್ತದೆ: ನಮ್ಮ ಅಳತೆಯಲ್ಲಿ ಆ ಬಳೆಯ ಸರಾಸರಿ ಸುತ್ತಳತೆ 1.8 ಮೀಟರ್‌ನ ಆಸುಪಾಸಿನಲ್ಲಿರುವುದರಿಂದ ಸುಮಾರು 190 ಹರ್ಟ್ಜ್‌ನಲ್ಲಿ ಅನುರಣನ ಉಂಟಾಗುತ್ತದೆ. ಒರಟು ಡಾಂಬರಿನ ಮೇಲೆ ಕೇಳುವ ಮಂದ ಮೊರೆತದಲ್ಲಿ ಇದರ ಪಾಲು ದೊಡ್ಡದು. ಕೆಲವು ಟೈರ್‌ಗಳ ಒಳಮೈಗೆ ಫೋಮ್ ಅಂಟಿಸಿರುವುದು ಇದನ್ನು ತಗ್ಗಿಸಲೆಂದೇ. ನಮ್ಮ ಅಳತೆಯಲ್ಲಿ ಫೋಮ್ ಇರುವುದು ದೊರೆಯಲಿಲ್ಲ, ಮತ್ತು ಪಂಕ್ಚರ್ ಆದಾಗ ಆ ಜಾಗದ ಫೋಮ್ ಕತ್ತರಿಸಿ ಪ್ಯಾಚ್ ಹಾಕುವ ಕೆಲಸಕ್ಕೆ ಊರಿನ ಅಂಗಡಿಗಳು ಸಿದ್ಧವಿರುವುದಿಲ್ಲವಾದ್ದರಿಂದ ಅದಕ್ಕಾಗಿ ಹಟ ಹಿಡಿಯಲೂ ಇಲ್ಲ.

ಅಳವಡಿಕೆ

ರನ್‌ಫ್ಲಾಟ್ ಕಳಚಲು ಸಹಾಯಕ ಕೈಯಿರುವ ಯಂತ್ರ ಬೇಕು, ಇಲ್ಲವಾದರೆ ಗಟ್ಟಿ ಪಕ್ಕೆಯನ್ನು ಲಿವರ್‌ನಿಂದ ಎಳೆಯುವಾಗ ಡಿಸ್ಕಿನ ಅಂಚು ಗೀರುತ್ತದೆ. ಅಂಥ ಯಂತ್ರವಿರುವ ಅಂಗಡಿಯನ್ನೇ ಆರಿಸಿದ್ದೆ. ಕಳಚಿ ನೆಲದ ಮೇಲೆ ನಿಲ್ಲಿಸಿದ ಹಳೆಯ ಟೈರನ್ನು ಎರಡೂ ಅಂಗೈಯಿಂದ ಒತ್ತಿದಾಗ ಪಕ್ಕೆ ಕದಲಲಿಲ್ಲ. ಹೊಸದನ್ನು ಒತ್ತಿದಾಗ ಅಂಗೈ ಒಳಕ್ಕೆ ಇಳಿಯಿತು. "ನೋಡಿ ಸಾರ್, ಇದಕ್ಕೇ ನಿಮ್ಮ ಕಾರು ಕುಲುಕುತ್ತಿದ್ದದ್ದು," ಎಂದು ಕೆಲಸ ಮಾಡುತ್ತಿದ್ದ ಹುಡುಗ ಹೇಳಿದ. ಮೇಲಿನ ಇಷ್ಟೂ ವಿವರಣೆ ಆ ಒಂದು ಒತ್ತುವಿಕೆಯಲ್ಲಿ ತಿಳಿಯುತ್ತದೆ.

ಡಿಸ್ಕಿನ ಒಳ ಅಂಚಿನಲ್ಲಿ ಕುಳಿತಿದ್ದ ಹಳೆಯ ರಬ್ಬರು ಮತ್ತು ತುಕ್ಕಿನಂಥ ಪುಡಿಯನ್ನು ಉಜ್ಜಿ ತೆಗೆಸಿದೆ, ಏಕೆಂದರೆ ನಿಧಾನವಾಗಿ ಗಾಳಿ ಇಳಿಯುವುದು ಅಲ್ಲಿಂದಲೇ. ಹೊಸ ಟೈರ್‌ನ ಪಕ್ಕೆಯ ಮೇಲೆ ಹಳದಿ ಚುಕ್ಕೆಯಿದ್ದರೆ ಅದು ಟೈರ್‌ನ ಹಗುರವಾದ ಜಾಗ. ಅದನ್ನು ವಾಲ್ವ್‌ನ ನೇರಕ್ಕೆ ಇಟ್ಟು ಕೂರಿಸಿದರೆ ಬ್ಯಾಲೆನ್ಸಿಂಗ್‌ಗೆ ಕಡಿಮೆ ಸೀಸ ಸಾಕಾಗುತ್ತದೆ. ಬೋಲ್ಟ್‌ಗಳನ್ನು ಗಾಳಿ ಗನ್‌ನಿಂದ ಪೂರ್ತಿ ಬಿಗಿಯಲು ಬಿಡದೆ, ಕೊನೆಯ ಬಿಗಿತವನ್ನು ಟಾರ್ಕ್ ವ್ರೆಂಚ್‌ನಿಂದ 140 ನ್ಯೂಟನ್ ಮೀಟರ್‌ಗೆ ಮಾಡಿಸಿದೆ.

ಗಾಳಿಯ ವಿಷಯದಲ್ಲಿ ಅಂಗಡಿಗಳ ಅಭ್ಯಾಸ ನಾಲ್ಕಕ್ಕೂ ಒಂದೇ ಅಂಕಿ ತುಂಬುವುದು. ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು, ಕಡಿಮೆ ಜನರಿದ್ದಾಗ ಎಷ್ಟು, ತುಂಬಿದಾಗ ಎಷ್ಟು ಎಂದು ಬೇರೆ ಬೇರೆಯಾಗಿ ಕೊಟ್ಟಿದೆ. ಬಾರ್‌ನಲ್ಲಿರುವ ಅಂಕಿಯನ್ನು 14.5ರಿಂದ ಗುಣಿಸಿದರೆ ಪಿಎಸ್‌ಐ ಸಿಗುತ್ತದೆ. ಬೆಳಿಗ್ಗೆ ಕಾರು ತಣ್ಣಗಿರುವಾಗ ಅಳೆಯಬೇಕು, ಏಕೆಂದರೆ ಹತ್ತು ಡಿಗ್ರಿ ಬಿಸಿಯೇರಿದರೆ ಒತ್ತಡ ಸುಮಾರು 0.1 ಬಾರ್ ಏರುತ್ತದೆ. ಆರಾಮಕ್ಕೆಂದು ಚೀಟಿಗಿಂತ ಕಡಿಮೆ ಗಾಳಿ ಬಿಡುವುದು ಕೂಡದು. ಗುಂಡಿಗೆ ಬಿದ್ದಾಗ ಪಕ್ಕೆ ಡಿಸ್ಕ್ ಮತ್ತು ನೆಲದ ನಡುವೆ ಸಿಕ್ಕಿ ಒಳಗಿನ ನೂಲು ಕಡಿದು ಉಬ್ಬು ಬರುವುದು ಹೀಗೆಯೇ. ಕೊನೆಗೆ ಅಲೈನ್‌ಮೆಂಟ್ ಮಾಡಿಸಿ, ಕಾರಿನೊಳಗಿನ ಐಡ್ರೈವ್ ಪರದೆಯಲ್ಲಿ ಟೈರ್ ಒತ್ತಡದ ಎಚ್ಚರಿಕೆಯನ್ನು ರೀಸೆಟ್ ಮಾಡಿದೆ.

ಓಡಿಸಿದ ಮೇಲೆ

ಹೊಸ ಟೈರ್‌ಗಳ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡಿ, ಆಮೇಲೆ ಪರೀಕ್ಷೆಗೆ ಇಳಿದೆ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಜೋಡಣೆಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ, ಏಕೆಂದರೆ ಅಲ್ಲಿ ಒಂದೇ ವೇಗದಲ್ಲಿ ಸಾಗುತ್ತ ಒಂದೇ ಬಗೆಯ ಏಟನ್ನು ಮತ್ತೆ ಮತ್ತೆ ಗಮನಿಸಬಹುದು. ಮೊದಲು ಪ್ರತಿ ಜೋಡಣೆಯಲ್ಲೂ ಚೂಪಾದ ಸದ್ದು ಮತ್ತು ಸೀಟಿನಲ್ಲಿ ಸಣ್ಣ ಏಟು ಎರಡೂ ಇದ್ದವು. ಈಗ ಸದ್ದು ಮಂದವಾಗಿದೆ, ಏಟಿನ ಮೊನೆ ಹೋಗಿದೆ. ಹಂಪ್ಸ್‌ನಂಥ ದೊಡ್ಡ ಉಬ್ಬುಗಳಲ್ಲಿ ವ್ಯತ್ಯಾಸ ಕಡಿಮೆ, ಅಲ್ಲಿ ಕೆಲಸ ಮಾಡುವುದು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್. ಅತಿ ಹೆಚ್ಚು ಲಾಭವಾಗಿರುವುದು ರಂಬಲ್ ಸ್ಟ್ರಿಪ್, ಮುಚ್ಚಿದ ಗುಂಡಿಗಳ ತೇಪೆ, ಮ್ಯಾನ್‌ಹೋಲ್ ಅಂಚುಗಳಂಥ ಚಿಕ್ಕ, ಚೂಪು ಏಟುಗಳಲ್ಲಿ.

ಶಿರಾಡಿ ಘಾಟಿಯ ಕಾಂಕ್ರೀಟ್ ಮೇಲೆ ಸದ್ದು ಇನ್ನೂ ಇದೆ. ಕಾಂಕ್ರೀಟಿನ ಮೇಲ್ಮೈಯಲ್ಲಿ ಹಿಡಿತಕ್ಕಾಗಿ ಗೀರಿರುವ ಗೆರೆಗಳು ಯಾವ ಟೈರ್‌ನಿಂದಲೂ ಸದ್ದು ಹೊರಡಿಸುತ್ತವೆ, ಟೈರ್ ಬದಲಾಯಿಸಿ ಅದನ್ನು ಇಲ್ಲವಾಗಿಸಲು ಬರುವುದಿಲ್ಲ. ಮಳೆಯಲ್ಲಿ ಅದೇ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಎಬಿಎಸ್ (ಚಕ್ರ ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಅಡ್ಡಬರದೆ ಕಾರು ನೆಟ್ಟಗೆ ನಿಧಾನವಾದದ್ದು ನನಗೆ ಸಮಾಧಾನ ಕೊಟ್ಟ ವಿಷಯ. ಸ್ಟಿಯರಿಂಗ್ ತಿರುಗಿಸಿದಾಗ ಮುಂಭಾಗ ಪ್ರತಿಕ್ರಿಯಿಸುವುದು ಕೂದಲೆಳೆಯಷ್ಟು ತಡವಾಗಿದೆ. ಇದನ್ನು ನಾನು ನಿರೀಕ್ಷಿಸಿದ್ದೆ. ಗಟ್ಟಿ ಪಕ್ಕೆಯಿಂದ ಸಿಗುತ್ತಿದ್ದ ಚುರುಕು ಮೆದು ಪಕ್ಕೆಯಲ್ಲಿ ಸಿಗುವುದಿಲ್ಲ. ಓಡಿಸುವುದರಲ್ಲಿಯೇ ಖುಷಿ ಕಾಣುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮ್ಮ ಚನ್ನರಾಯಪಟ್ಟಣ ದಾಟುವ ಮೊದಲೇ ನಿದ್ದೆ ಹೋದರು. ನನಗೆ ಬೇಕಿದ್ದ ಅಳತೆ ಅದು.

ಸ್ಟೆಪ್ನಿಗೆ ಈ ಕಾರಿನ ಬೋಲ್ಟ್ ವೃತ್ತಕ್ಕೂ ರಂಧ್ರಕ್ಕೂ ಸರಿಹೊಂದುವ ಕಿರಿದಾದ ತಾತ್ಕಾಲಿಕ ಚಕ್ರವನ್ನು, ಜಾಕ್ ಮತ್ತು ಪಾನಾದೊಂದಿಗೆ ಡಿಕ್ಕಿಯಲ್ಲಿ ಪಟ್ಟಿಯಿಂದ ಬಿಗಿದು ಇಟ್ಟಿದ್ದೇನೆ. ಸಾಮಾನಿನ ಜಾಗ ಸಾಕಷ್ಟು ಹೋಗುತ್ತದೆ. 2020ರ ನಿಯಮ ತಿದ್ದುಪಡಿಯ ಪ್ರಕಾರ ಟ್ಯೂಬ್‌ಲೆಸ್ ಟೈರ್, ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ, ಆದರೆ ಪಕ್ಕೆ ಹರಿದರೆ ಕಿಟ್‌ನ ಅಂಟು ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ನಮ್ಮ ದಾರಿಗಳಿಗೆ ಚಕ್ರವೇ ಬೇಕು. ಕಿಟ್‌ನ ಪಂಪನ್ನು ಮಾತ್ರ ಗಾಳಿ ತುಂಬಲು ಉಳಿಸಿಕೊಂಡಿದ್ದೇನೆ. ನಾಲ್ಕೂ ಟೈರ್‌ಗಳ ಅಳತೆ ಒಂದೇ ಆಗಿರುವುದರಿಂದ 8,000 ಕಿಲೋಮೀಟರ್‌ಗೆ ಒಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಾಯಿಸಿ, ಆಗಲೇ ಅಂಗೈಯಿಂದ ಟ್ರೆಡ್ ಸವರಿ ಟೋ ಕೋನವನ್ನು ಪರೀಕ್ಷಿಸಿಕೊಳ್ಳುತ್ತೇನೆ. ಮೂಲ 17 ಇಂಚಿನ ಡಿಸ್ಕುಗಳಿಗಾಗಿ ಹುಡುಕಾಟವನ್ನು ನಿಲ್ಲಿಸಿಲ್ಲ.